ಜೀಪು ಎತ್ತಿದ್ದು, ಬೆನ್ನು ಬಗ್ಗಿದ್ದು

ಮೊಳಕಾಲ್ಮೂರಿನ ಯಾವ ಬೀದಿಯಲ್ಲಿ ನಿಲ್ಲಿಸಿದರೂ ನನ್ನ ಜೀಪನ್ನು ಜನ ಕತ್ತೆತ್ತಿ ನೋಡಬೇಕು! ಈ ಶ್ರಾವಣದಲ್ಲಿ ನಾನು ಕೈಗೊಂಡ ಭೀಷ್ಮಪ್ರತಿಜ್ಞೆ ಇದು. ವೃತ್ತಿಯಲ್ಲಿ ನಾನು ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವವನು. ಮನಸ್ಸಿನಲ್ಲಿ ಮಾತ್ರ ಬೆಟ್ಟ ಹತ್ತುವ ಶೂರ. ರಸ್ತೆಯ ಹಂಗಿಲ್ಲದೆ ಸಿದ್ದಾಪುರದ ಗುಡ್ಡವನ್ನು ಬಂಡೆಯಿಂದ ಬಂಡೆಗೆ ಜೀಪಿನಲ್ಲೇ ಹತ್ತಿ, ತುದಿಯಲ್ಲಿ ಮೀಸೆ ತಿರುವುವ ಕನಸು ನನ್ನದು. ಅದಕ್ಕೆ ಜೀಪಿನ ಭಾರ ಹೊರುವ ಸಸ್ಪೆನ್ಷನ್ ಎತ್ತರವಾಗಬೇಕು, ಟೈರು ದೊಡ್ಡದಾಗಬೇಕು.

ಹೆಂಡತಿ ಸ್ವಪ್ನಳಿಗೆ ಯೋಜನೆಯನ್ನು ಗಂಭೀರವಾಗಿ ವಿವರಿಸಿದೆ. ಅವಳು ಮೊರದಿಂದ ಕಣ್ಣು ಕೀಳದೆ ಕೇಳಿದಳು.

"ಗುಡ್ಡದ ಮೇಲೆ ಏನೈತೆ?"

"ಏನೂ ಇಲ್ಲ."

"ಏನೂ ಇಲ್ದಿದ್ರೆ ಯಾಕ್ ಹೋಗ್ತೀರಾ?"

ಇಂಥ ಪ್ರಶ್ನೆಗೆ ವೀರರು ಉತ್ತರ ಕೊಡುವುದಿಲ್ಲ. ನಾನು ಫೋನು ಎತ್ತಿಕೊಂಡೆ.

ಚಳ್ಳಕೆರೆಯಿಂದ ಮೆಕ್ಯಾನಿಕ್ ಲೋಹಿತನನ್ನು ಮನೆಗೇ ಕರೆಸಿದೆ. ಜೀಪು ನಿಲ್ಲುತ್ತಿದ್ದದ್ದು ನಮ್ಮಪ್ಪನ ಕಾಲದ ಕುರಿ ಕೊಟ್ಟಿಗೆಯಲ್ಲಿ. ಕಲ್ಲಿನ ಗೋಡೆ, ಬಾಗಿಲ ಮೇಲೆ ಉದ್ದಕ್ಕೂ ಒಂದೇ ಕಲ್ಲುಚಪ್ಪಡಿ. ಗುರುವಾರ ಇಡೀ ದಿನ ಲೋಹಿತ ಜೀಪಿನಡಿ ಮಲಗಿ ಕಮಾನು ಪಟ್ಟಿಗಳನ್ನು ಬಿಚ್ಚಿದ, ಹೊಸದನ್ನು ಸೇರಿಸಿದ, ನನ್ನ ಎದೆಯೆತ್ತರದ ಟೈರುಗಳನ್ನು ಕೂರಿಸಿದ. ಸಂಜೆ ಹೊರಡುವಾಗ "ಅಣ್ಣಾ, ಇದು ಇನ್ನು ಜೀಪಲ್ಲ, ಆನೆ" ಎಂದ. ನನಗೆ ಊಟವೇ ಬೇಡವಾಯಿತು.

ಮಾರನೆಯ ದಿನ ಶುಕ್ರವಾರ, ಚಳ್ಳಕೆರೆಯ ಸಮುದಾಯ ಭವನದಲ್ಲಿ ನನ್ನ ನಾದಿನಿಯ ನಿಶ್ಚಿತಾರ್ಥ. ಹುಡುಗಿಯನ್ನು ಕರೆದುಕೊಂಡು ಮಾವ ದೊಡ್ಡೀರಪ್ಪನವರು ಹಿಂದಿನ ದಿನವೇ ಹೋಗಿದ್ದರು. ತಾಂಬೂಲದ ತಟ್ಟೆಯ ಜೊತೆ, ನಮ್ಮ ಮನೆಯಲ್ಲೇ ಉಳಿದಿದ್ದ ಅತ್ತೆ ಪಾತಮ್ಮನವರನ್ನು ಕರೆದುಕೊಂಡು ಬರುವ ಭಾರ ನನ್ನದು. ಕಾರು ಗೊತ್ತು ಮಾಡುತ್ತೇನೆಂದ ಮಾವನವರಿಗೆ, ದೊಡ್ಡ ಅಳಿಯ ಇರುವಾಗ ಬಾಡಿಗೆ ಗಾಡಿಯೇ ಎಂದು ನಾನೇ ಎದೆಯುಬ್ಬಿಸಿ ಹೇಳಿದ್ದೆ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ತಾಂಬೂಲ ಬದಲಾಗಬೇಕು, ಹೆತ್ತ ತಾಯಿ ಇಲ್ಲದೆ ಅದು ಬದಲಾಗುವಂತಿಲ್ಲ. ಗಂಡಿನ ಕಡೆಯವರೋ ಬೆಕ್ಕು ಅಡ್ಡ ಬಂದರೂ ಸಂಬಂಧವನ್ನೇ ಬಿಡುವ ಜನ.

ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಏಣಿ ಇಟ್ಟುಕೊಂಡು ಜೀಪು ಹತ್ತಿದೆ. ಕೀಲಿ ತಿರುಗಿಸಿದೆ. ಆನೆ ಘೀಳಿಟ್ಟಿತು. ಮುಂದಕ್ಕೆ ಬಿಟ್ಟೆ. ಠಣ್! ಶೋಕಿಗೆಂದು ಹೋದ ವರ್ಷ ಬೆಸುಗೆ ಹಾಕಿಸಿದ್ದ ಜೀಪಿನ ಮೇಲಿನ ಕಬ್ಬಿಣದ ಪಂಜರ ಬಾಗಿಲ ಚಪ್ಪಡಿಗೆ ಹೊಡೆಯಿತು. ಕೊಟ್ಟಿಗೆಯ ಒಳಗೆ ನಿಲ್ಲಿಸಿಕೊಂಡೇ ಜೀಪನ್ನು ಎತ್ತರಿಸಿದ ಮಹಾಮೇಧಾವಿಯಾದ ನನಗೆ, ಅದು ಹೊರಗೂ ಬರಬೇಕೆಂಬುದು ಆಗ ಹೊಳೆಯಿತು. ಹಿಂದಿನ ದಿನ ನನಗೂ ಹೊಳೆದಿರಲಿಲ್ಲ, ಲೋಹಿತನಿಗೂ ಹೊಳೆದಿರಲಿಲ್ಲ. ಚಪ್ಪಡಿ ಒಡೆದರೆ ಮಾಡು ಕುಸಿಯುತ್ತದೆ. ಟೈರಿನ ಗಾಳಿ ಬಿಟ್ಟರೆ ಮತ್ತೆ ತುಂಬಿಸುವ ಅಂಗಡಿ ತೆರೆಯುವುದೇ ಹತ್ತಕ್ಕೆ. ಬಾಡಿಗೆ ಕಾರುಗಳಿಗೆ ಫೋನು ಮಾಡಿದರೆ ಎಲ್ಲವೂ ಯಾರ್ಯಾರದೋ ಮದುವೆಗೆ ಹೋಗಿದ್ದವು. ಅತ್ತೆ ತಟ್ಟೆ ಹಿಡಿದು ಜಗಲಿಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು.

ದಾರಿ ತೋರಿಸಿದವಳು ಸ್ವಪ್ನ. "ಕುರಿ ತುಂಬಿದ್ರೆ ಲಾರಿ ಕೆಳಗೆ ಕೂರಲ್ವೇನ್ರಿ? ಜನ ತುಂಬ್ಸಿ."

ಬೀದಿಯ ಹೆಂಗಸರೆಲ್ಲ ಕೂಗಿದ ಕೂಡಲೇ ಬಂದರು. ಕೊಟ್ಟಿಗೆಯ ಗೋದಲಿ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರಾಗಿ ಜೀಪಿಗೆ ಹತ್ತಿದರು. ಅತ್ತೆಗೆ ಮುಂದಿನ ಸೀಟು, ಸ್ವಪ್ನ ಹಿಂದೆ. ಮಗ್ಗದ ಮನೆಯ ಸುಲೋಚನಮ್ಮ ಹತ್ತಿದಾಗ ಜೀಪು ಒಂದು ಬೆರಳು ಇಳಿಯಿತು. ಅವರ ಸೊಸೆ ಹತ್ತಿದಾಗ ಇನ್ನೊಂದು ಬೆರಳು. ಹಿಂದಿನ ಮನೆಯ ಕ್ಯಾತಮ್ಮ ಹತ್ತಿದಾಗ ಒಮ್ಮೆಗೇ ಅರ್ಧ ಗೇಣು! ನನ್ನ ಹೊಸ ಕಮಾನು ಪಟ್ಟಿಗಳು ಕುಂಯ್ ಎಂದು ಅತ್ತವು. ಪಂಜರವನ್ನು ಚಪ್ಪಡಿಗೆ ಸವರಿಕೊಂಡೇ ಜೀಪು ಬಿಸಿಲಿಗೆ ಬಂತು.

ಉಪಕಾರವಾಯಿತು, ಇನ್ನು ಇಳಿಯಿರಿ ಎಂದು ಕೈಮುಗಿದೆ. ಯಾರೂ ಅಲ್ಲಾಡಲಿಲ್ಲ. ಅತ್ತೆ ತಿರುಗಿ ನೋಡಿದರು.

"ಶುಭಕಾರ್ಯಕ್ಕೆ ಹೊಂಟಿರೋ ಗಾಡಿ ಹತ್ತಿದ ಮುತ್ತೈದೇರ್ನ ಬಾಗ್ಲಲ್ಲೇ ಇಳಿಸ್ತಾರೇನಪ್ಪಾ? ಕೂಸಿನ ಬಾಳು ಏನಾಗ್ಬೇಕು?"

ಹೆಂಗಸರೆಲ್ಲ ಇದನ್ನು ಅರೆಕ್ಷಣದಲ್ಲಿ ಒಪ್ಪಿಕೊಂಡರು. ಇಳಿಯುವುದೇ ಅಪಶಕುನವಾದ್ದರಿಂದ ಬೀದಿಯ ಜಗಲಿಗಳಿಂದ ರೇಷ್ಮೆ ಸೀರೆಗಳು ಹಾರಿಕೊಂಡು ಜೀಪಿಗೇ ಬಂದವು. ದಾರಿಯುದ್ದಕ್ಕೂ ಹಿಂದಿನಿಂದ ಸೆರಗು ಸರಿಪಡಿಸುವ, ಪಿನ್ನು ಕೇಳುವ, ಮೊಣಕೈ ತಗುಲಿಸುವ ಗಲಾಟೆ. ತಳಕು ದಾಟುವಾಗ ಬಸ್‌ಸ್ಟಾಂಡಿನ ಜನ ನಮ್ಮನ್ನು ನೋಡಿದರು, ಕತ್ತು ಬಗ್ಗಿಸಿ. ನಾನು ಎತ್ತರಿಸಿದ ಜೀಪು ಈಗ ಮೊದಲಿಗಿಂತ ಗಿಡ್ಡವಾಗಿತ್ತು.

ಭವನದ ಮುಂದೆ ನಿಂತಾಗ ರಾಹುಕಾಲಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಗಂಡಿನ ಕಡೆಯವರು ಬಾಗಿಲಲ್ಲೇ ಸಾಲಾಗಿ ನಿಂತು ರಸ್ತೆ ನೋಡುತ್ತಿದ್ದರು. ಹಿಂದಿನ ಹೆಂಗಸರು ಸಲೀಸಾಗಿ ಇಳಿದರು. ಒಬ್ಬರು ಇಳಿದರೆ ಜೀಪು ಬೆರಳಷ್ಟು ಏಳುತ್ತದೆ, ಇನ್ನೊಬ್ಬರು ಇಳಿದರೆ ಇನ್ನಷ್ಟು. ಕೊನೆಗೆ ಕ್ಯಾತಮ್ಮ ಇಳಿದರು ನೋಡಿ, ಜೀಪು ಒಮ್ಮೆಲೇ ಜಿಗಿಯಿತು! ಮುಂದಿನ ಸೀಟಿನಲ್ಲಿ ಕುಳಿತಿದ್ದ ಅತ್ತೆ ತಟ್ಟೆ ಸಮೇತ ಆಕಾಶಮಾರ್ಗ ಹಿಡಿದು ಅಲ್ಲೇ ಉಳಿದರು. ನಾನು ಬೆಳಿಗ್ಗೆ ಹತ್ತಿದ್ದ ಏಣಿ ಮೊಳಕಾಲ್ಮೂರಿನ ಕೊಟ್ಟಿಗೆಯಲ್ಲೇ ಉಳಿದಿತ್ತು. ಮತ್ತೆ ಹತ್ತಿಸಿ ಜೀಪು ತಗ್ಗಿಸೋಣವೆಂದರೆ ಇಳಿದ ಹೆಂಗಸರು ಅಷ್ಟರಲ್ಲಿ ಒಳಗೆ ಹೋಗಿ ಪಾನಕ ಕುಡಿಯುತ್ತಿದ್ದರು.

ಸ್ವಪ್ನ ತಟ್ಟೆ ಇಸಿದುಕೊಂಡಳು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಅತ್ತೆ ಮೇಲಿನಿಂದ ಅದನ್ನೊಮ್ಮೆ ನೋಡಿ, ಅದು ತನ್ನ ಭಾರ ತಡೆಯುವುದಿಲ್ಲ ಎಂದರು. ಪುರೋಹಿತರು ಒಳಗಿನಿಂದ ಹೊತ್ತಾಯಿತು ಎಂದು ಕೂಗುತ್ತಿದ್ದರು. ಸ್ವಪ್ನ ನನ್ನ ಕಿವಿಯ ಹತ್ತಿರ ಬಂದು, ಒಂದೇ ಮಾತು ಹೇಳಿದಳು.

"ರೀ, ಬಗ್ಗಿ."

ಬಗ್ಗಿದೆ. ಬಿಳಿ ಪಂಚೆ, ಇಸ್ತ್ರಿ ಅಂಗಿ, ಎರಡು ಕೈ, ಎರಡು ಮಂಡಿ ಮಣ್ಣಿನಲ್ಲಿ. ಬೆನ್ನ ಮೇಲೆ ಅತ್ತೆಯ ಒಂದು ಪಾದ ಬಂತು, ಆಮೇಲೆ ಇನ್ನೊಂದೂ ಬಂತು. ನನ್ನ ಸಸ್ಪೆನ್ಷನ್ ಎಂಥದ್ದೆಂದು ನನಗೆ ಅವತ್ತು ಗೊತ್ತಾಯಿತು. ತಲೆ ಎತ್ತಿದರೆ ಎದುರಿಗೆ ಮದುಮಗನಾಗಲಿರುವ ಈರೇಶ್. ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ, ಮುಖ ಸುಣ್ಣವಾಯಿತು. ಸರಸರನೆ ಒಳಗೆ ಹೋಗಿ ಕೋಣೆಯ ಚಿಲಕ ಹಾಕಿಕೊಂಡ.

ವಾಲಗ ನಿಂತಿತು. ನಾದಿನಿ ಅಳತೊಡಗಿದಳು. ಕೂಸಿನ ಬಾಳನ್ನು ನನ್ನ ಟೈರಿನಡಿ ಹಾಕಿಬಿಟ್ಟೆನಲ್ಲಾ ಎಂದು ನನಗೆ ನಾಚಿಕೆಯಿಂದ ಭೂಮಿಗಿಳಿಯುವಂತಾಯಿತು. ಕೊನೆಗೆ ಹುಡುಗನ ಸೋದರಮಾವ ಶಿವಣ್ಣನವರು ಬಾಗಿಲ ಸಂದಿಯಲ್ಲಿ ಮಾತಾಡಿ ಬಂದು, ಸಭೆಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾ. ಹುಡುಗ ಒಂದೇ ಕೇಳ್ತಾನೆ. ನಿಮ್ಮನೇಲಿ ಅಳಿಯಂದ್ರು ಹಿಂಗೆ ಬಗ್ಗೋದು ಪದ್ಧತಿ ಏನ್ರಿ?"

ಎಲ್ಲರೂ ಅತ್ತೆಯ ಬಾಯನ್ನೇ ನೋಡಿದರು. ನಾನಂತೂ ಮಂಡಿಯ ಮಣ್ಣು ಕೊಡವುವುದನ್ನೂ ಮರೆತು ನಿಂತೆ. ಇದೆಲ್ಲ ಜೀಪಿನ ಅವಾಂತರ, ನಮ್ಮ ಅಳಿಯ ದೊಡ್ಡ ಮನುಷ್ಯ ಎಂದು ಒಂದು ಮಾತು ಆಡಿಯಾರೆಂದು ಕಾದೆ. ಅತ್ತೆ ಸೆರಗು ಸರಿಮಾಡಿಕೊಂಡರು.

"ಛೇ, ಎಲ್ಲಾರೂ ಯಾಕ್ ಬಗ್ತಾರೆ? ಅದಕ್ಕೆ ದೊಡ್ಡ ಅಳಿಯ ಐದಾನೆ."

ಚಿಲಕ ತೆರೆಯಿತು. ರಾಹುಕಾಲಕ್ಕೆ ಮುಂಚೆಯೇ ತಾಂಬೂಲ ಬದಲಾಯಿತು, ನಾದಿನಿ ನಕ್ಕಳು, ನನ್ನ ಜೀವಕ್ಕೆ ಜೀವ ಬಂತು. ಈರೇಶನಂತೂ ಊಟದಲ್ಲಿ ನನ್ನ ಎಲೆಗೆ ತಾನೇ ಕೈಯಾರೆ ಹೋಳಿಗೆ ಬಡಿಸಿದ, ಅವನ ಕಣ್ಣಿನಲ್ಲಿ ಅಪಾರ ಕೃತಜ್ಞತೆಯಿತ್ತು.

ಊಟ ಮುಗಿದ ಮೇಲೆ ಜೀಪಿನ ಪಕ್ಕ ನಿಂತು, ನಾಳೆಯೇ ಲೋಹಿತನನ್ನು ಕರೆಸಿ ಇದನ್ನು ಮೊದಲಿನ ಎತ್ತರಕ್ಕೆ ಇಳಿಸುತ್ತೇನೆಂದು ಅತ್ತೆಗೆ ಮಾತು ಕೊಟ್ಟೆ. ಅವರು ಎಲೆಯಡಿಕೆ ಅಗಿಯುತ್ತಾ ಜೀಪನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಚಪ್ಪಲಿ ಬಿಚ್ಚಿ ಸ್ವಪ್ನಳ ಕೈಗೆ ಕೊಟ್ಟರು.

"ಎತ್ತರ ಹಿಂಗೇ ಇರ್ಲಿ ಬಿಡು ಅಳಿಯಪ್ಪಾ. ಈಗ ತಾನೇ ಕಾಲಿಗೆ ರೂಢಿ ಆಗೈತೆ."