ಡ್ರೈವರ್‌ನ ಮನೆ ಎಲ್ಲಿ?

ನಮ್ಮ ಮುದಲಾಳಿಗೆ, ಅಂದರೆ ಯಜಮಾನರಿಗೆ, ಒಂದು ಅಭ್ಯಾಸ ಇತ್ತು. ಆಫೀಸಿನ ಟಿವಿಯಲ್ಲಿ ವಾರ್ತೆ ಬರುವಾಗ ಅವರ ಹೆಬ್ಬೆರಳು ರಿಮೋಟಿನ ಮ್ಯೂಟ್ ಗುಂಡಿಯ ಮೇಲೆಯೇ ಕೂತಿರುತ್ತಿತ್ತು. ವಿಮಾನದ ರೆಕ್ಕೆಯ ತುದಿ ಕಂಡರೆ ಸಾಕು, ಟಪ್ಪನೆ ಶಬ್ದ ಹೋಗುತ್ತಿತ್ತು. ಗಿರಾಕಿಯ ಹತ್ತಿರ ಆಡುತ್ತಿದ್ದ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ವಿಮಾನದ ಟಿಕೆಟ್ ಮಾರುವ ಅಂಗಡಿಯಲ್ಲಿ ವಿಮಾನದ ಸುದ್ದಿ ಯಾರ ಕಿವಿಗೂ ಬೀಳಬಾರದು ಎಂಬುದು ಅವರ ನಿಯಮ.

ಬದಿಯಡ್ಕದ ಬಸ್‌ಸ್ಟ್ಯಾಂಡಿನ ಎದುರು, ಮೆಟ್ಟಿಲು ಹತ್ತಿದರೆ ಸಿಗುವ ಟ್ರಾವೆಲ್ಸ್ ನಮ್ಮದು. ನಾನು ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಟಿಕೆಟ್ ತೆಗೆಯುವವಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದರಿಂದ ಸಿಕ್ಕಿದ ಕೆಲಸ. ಮಾತು ಕಡಿಮೆಯಾದ್ದರಿಂದ ಕೈಯಲ್ಲಿ ಉಳಿದ ಕೆಲಸವೂ ಹೌದು. ಇಂಥ ಆಫೀಸಿನಲ್ಲಿ ನಗು ಬರಿಸುವ ಸಂಗತಿಗಳು ದಿನಾ ನಡೆಯುತ್ತವೆ, ಆದರೆ ಆಗ ಯಾರಿಗೂ ನಗು ಬರುವುದಿಲ್ಲ. ೨೦೧೪ನೇ ಇಸವಿಯಲ್ಲಂತೂ ಮುದಲಾಳಿಯ ಮ್ಯೂಟ್ ಗುಂಡಿಯ ಬಣ್ಣವೇ ಸವೆದುಹೋಯಿತು.

ಮಾರ್ಚ್: ಯಾರ ಮಗ?

ಒಬ್ಬರು ಬ್ಯಾರಿ ಮುಸ್ಲಿಂ ತಾಯಿ, ನಮಗೆಲ್ಲ ಉಮ್ಮ, ಶಾರ್ಜಾದಲ್ಲಿರುವ ಮಗಳನ್ನು ನೋಡಿ ಬರಲು ಟಿಕೆಟ್ ಮಾಡಿಸಿದ್ದರು. ಜನ್ಮದಲ್ಲಿ ಮೊದಲ ಸಲ ವಿಮಾನ. ಟಿಕೆಟ್ ಕೈಗೆ ಕೊಟ್ಟಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮಗಳನ್ನು ಕರೆಯುವ ಹಾಗೆ ನನ್ನನ್ನು ಕರೆದು ಕೇಳಿದರು.

"ಡ್ರೈವರ್ ಯಾರು ಮೋಳೇ?"

"ಗೊತ್ತಿಲ್ಲ ಉಮ್ಮ. ಅದು ನಮಗೆ ಹೇಳುವುದಿಲ್ಲ."

"ಟಿಕೆಟ್ ಕೊಡುವವರಿಗೇ ಗೊತ್ತಿಲ್ಲವಾ!"

ಉಮ್ಮನದ್ದೊಂದು ಪದ್ಧತಿ. ಬಸ್ಸಾಗಲಿ ಜೀಪಾಗಲಿ, ಮೊದಲು ಎದುರಿಗೆ ಹೋಗಿ ಡ್ರೈವರ್‌ನ ಮುಖ ನೋಡುವುದು, ಅವನ ಮನೆ ಯಾವುದು, ತಾಯಿ ಯಾರು ಎಂದು ವಿಚಾರಿಸುವುದು, ಗೊತ್ತಾದರೆ ಮಾತ್ರ ಹತ್ತುವುದು. ಗೊತ್ತಾಗದಿದ್ದರೆ ಮುಂದಿನ ಬಸ್ಸು. ಯಾಕೆಂದು ಕೇಳಿದೆ.

"ಜೋರು ಬಿಟ್ಟರೆ ನಾಳೆ ನಾನು ಅವನ ಉಮ್ಮನ ಹತ್ತಿರ ಹೋಗಿ ಹೇಳ್ತೇನೆ ಅಂತ ಅವನಿಗೆ ಹೆದರಿಕೆ ಇರ್ತದೆ. ಆ ಹೆದರಿಕೆಯೇ ಬ್ರೇಕು."

ಆ ವಾರವೇ ಎಲ್ಲೋ ದೂರದಲ್ಲಿ ಒಂದು ಇಡೀ ವಿಮಾನ, ಅಷ್ಟೂ ಜನರ ಸಮೇತ, ಸಮುದ್ರದ ಮೇಲೆ ಕಾಣೆಯಾಯಿತು. ನಮ್ಮಲ್ಲಿ ಇಂಥ ಸುದ್ದಿ ಬರೀ ಸುದ್ದಿಯಾಗಿ ಉಳಿಯುವುದಿಲ್ಲ. ನಾಲ್ಕು ವರ್ಷದ ಹಿಂದೆ ಮಂಗಳೂರಿನ ಗುಡ್ಡದಲ್ಲಿ ವಿಮಾನ ಬಿದ್ದದ್ದರ ನೋವು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಉಂಟು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಮರೆಯುವುದೂ ಇಲ್ಲ. ಮುದಲಾಳಿಯ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಕೂತದ್ದೂ ಅಂದಿನಿಂದಲೇ.

ಕಾಣೆಯಾದ ಸುದ್ದಿ ಬಂದ ಮರುದಿನ ಉಮ್ಮ ಬಂದು ಟಿಕೆಟನ್ನು ಮೇಜಿನ ಮೇಲಿಟ್ಟರು.

"ಕ್ಯಾನ್ಸಲ್ ಮಾಡು. ವಿಮಾನ ಎಲ್ಲಿ ಹೋಯಿತು ಅಂತಲೇ ಅವರಿಗೆ ಗೊತ್ತಿಲ್ಲವಂತೆ. ನಮ್ಮ ಬಸ್ಸು ಕೆಟ್ಟರೆ ಯಾವ ತಿರುವಿನಲ್ಲಿ ಕೆಟ್ಟಿದೆ ಅಂತಾದರೂ ಗೊತ್ತಾಗ್ತದೆ."

ಜುಲೈ: ನಾನು ತೋರಿಸಿದ ನಕ್ಷೆ

ಶಾರ್ಜಾದ ಮಗಳು ಬಸುರಿ, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ ಎಂದು ಸುದ್ದಿ ಬಂತು. ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವನು. ಒಂದು ಲೋಟ ನೀರು ಕೊಡಲು ಅಲ್ಲಿ ಜನವಿಲ್ಲ. ರಂಜಾನ್ ಪೆರ್ನಾಲ್ ಹಬ್ಬ ಕಳೆದ ಮೇಲೆ ಹೋಗುವುದೆಂದು ಉಮ್ಮ ಮತ್ತೆ ಟಿಕೆಟ್ ಮಾಡಿಸಿದರು. ಅಷ್ಟರಲ್ಲಿ ಯುದ್ಧ ನಡೆಯುತ್ತಿದ್ದ ಒಂದು ದೇಶದ ಮೇಲೆ ಹಾರುತ್ತಿದ್ದ ವಿಮಾನವನ್ನು ಹೊಡೆದು ಬೀಳಿಸಿದರು. ಮುದಲಾಳಿ ಮ್ಯೂಟ್ ಒತ್ತಿದರು. ಏನು ಪ್ರಯೋಜನ? ಕೆಳಗಿನ ಜ್ಯೂಸ್ ಅಂಗಡಿಯಲ್ಲಿಯೂ ಟಿವಿ ಇತ್ತು.

ಉಮ್ಮ ಬಂದರು. "ನಮ್ಮ ವಿಮಾನ ಯಾವ ಊರಿನ ಮೇಲಿಂದ ಹೋಗುವುದು? ಜಗಳದ ಊರಾದರೆ ಬೇಡ. ನಮ್ಮ ಬಸ್ಸು ಬೋವಿಕಾನ ಸುತ್ತಿ ಹೋದ ಹಾಗೆ ಸ್ವಲ್ಪ ಸುತ್ತಿ ಹೋಗಲಿ, ನನಗೆ ಗಡಿಬಿಡಿ ಇಲ್ಲ."

ನನಗೆ ಬಾಯಿಯಲ್ಲಿ ವಿವರಿಸಲು ನಾಚಿಕೆ. ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು, ಮಂಗಳೂರಿನಿಂದ ಶಾರ್ಜಾದವರೆಗೆ ಬೆರಳೆಳೆದು ತೋರಿಸಿದೆ.

"ನೋಡಿ ಉಮ್ಮ, ಮಧ್ಯದಲ್ಲಿ ಯಾವ ಜಗಳವೂ ಇಲ್ಲ. ಬರೀ ನೀಲಿ."

"ಈ ನೀಲಿ ಎಂತದು?"

"ಸಮುದ್ರ."

ಉಮ್ಮ ಆ ನೀಲಿಯ ಮೇಲೆ ಬೆರಳಿಟ್ಟರು.

"ಮಾರ್ಚಿನಲ್ಲಿ ಕಾಣೆಯಾದದ್ದು ಇದರ ಮೇಲೆಯೇ ಅಲ್ಲವಾ ಮೋಳೇ?"

ಆ ಟಿಕೆಟೂ ಕ್ಯಾನ್ಸಲ್ ಆಯಿತು. ಮುದಲಾಳಿ ನನಗೆ ಬೈಯಲಿಲ್ಲ. "ಇನ್ನು ಯಾರಿಗೂ ನಕ್ಷೆ ತೋರಿಸಬೇಡ ಮಾರಾಯ್ತಿ" ಎಂದು ಕೈಮುಗಿದರು.

ನನ್ನ ಸರದಿ

ಮೆಲ್ಲನೆ ಒಪ್ಪಿಸಲು ಮುದಲಾಳಿ ಒಂದು ದಿನ ಉಮ್ಮನಿಗೆ ಚಹಾ ತರಿಸಿ ಕೂರಿಸಿದರು. "ಈ ಹುಡುಗಿಯನ್ನು ಕೇಳಿ. ಅವಳು ಎಷ್ಟು ಸಲ ವಿಮಾನದಲ್ಲಿ ಹೋಗಿ ಬಂದಿದ್ದಾಳೆ!"

ನಾನು ವಿಮಾನದ ಒಳಗೆ ಕಾಲಿಟ್ಟವಳೇ ಅಲ್ಲ. ಯಾರಾದರೂ ಪುಕ್ಕಟೆ ಟಿಕೆಟ್ ಕೊಟ್ಟರೂ ಹತ್ತುತ್ತಿರಲಿಲ್ಲ. ರಾತ್ರಿ ಅಪ್ಪನ ಹಳೆಯ ರೇಡಿಯೋದಲ್ಲಿ ವಿಮಾನದ ಸುದ್ದಿ ಬಂದರೆ ತಲೆದಿಂಬಿನಿಂದ ಕಿವಿ ಮುಚ್ಚಿಕೊಳ್ಳುವವಳು ನಾನು. ಆದರೆ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೆದರಿಕೆ ಆಗ್ತದಾ?" ಉಮ್ಮ ಕೇಳಿದರು.

"ಇಲ್ಲ ಉಮ್ಮ. ನಮ್ಮ ಕಾಸರಗೋಡು ಬಸ್ಸಿನಲ್ಲಿ ಹೋದ ಹಾಗೆಯೇ."

ಉಮ್ಮ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತರು. "ಅಯ್ಯೋ, ಆ ಬಸ್ಸಿಗೆ ಹೆದರಿಯೇ ಅಲ್ಲವಾ ನಾನು ಡ್ರೈವರ್ ಯಾರು ಅಂತ ಕೇಳುವುದು!"

ಡಿಸೆಂಬರ್: ಕುಂಬಳೆಯ ಪೈಲಟ್

ಹೆರಿಗೆ ಜನವರಿ ಮೊದಲ ವಾರ. ಮೂರನೇ ಟಿಕೆಟ್, ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ. ಈ ಸಲ ಮುದಲಾಳಿ ಉಮ್ಮ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟರು.

"ಪೈಲಟ್ ನಮ್ಮ ಕುಂಬಳೆಯವನೇ."

"ಹೌದಾ! ಯಾರ ಮಗ?"

ಮುದಲಾಳಿ ಅಷ್ಟು ದೂರ ಯೋಚಿಸಿರಲಿಲ್ಲ. "ಅದೇ... ಮೀನು ಮಾರ್ಕೆಟಿನ ಹಿಂದಿನ ಮನೆ."

ಉಮ್ಮನ ಮುಖ ಬೆಳಗಿತು. ನನಗೆ ಕಂಪ್ಯೂಟರಿನ ಹಿಂದೆ ಅಡಗುವಂತಾಯಿತು. ಮೂರು ದಿನ ಬಿಟ್ಟು ಉಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಪೈಲಟ್‌ನ ಉಮ್ಮನಿಗೆ ಕೊಡಲು ಹಲ್ವ ಹಿಡಿದುಕೊಂಡು ಬಸ್ಸಿನಲ್ಲಿ ಕುಂಬಳೆಗೆ ಹೋಗಿದ್ದರಂತೆ.

"ಮುದಲಾಳಿ, ಮಾರ್ಕೆಟಿನ ಹಿಂದೆ ಇರುವುದೇ ಮೂರು ಮನೆ. ಒಬ್ಬ ಪಿಕಪ್ ಬಿಡ್ತಾನೆ, ಒಬ್ಬ ರಿಕ್ಷಾ, ಇನ್ನೊಬ್ಬ ದೋಣಿ. ಇವರಲ್ಲಿ ನನ್ನ ವಿಮಾನ ಬಿಡುವುದು ಯಾರು?"

ಹೊರಡುವ ಮುನ್ನಾದಿನ, ಹೊರಡುವ ದಿನ

ಇಪ್ಪತ್ತೆಂಟಕ್ಕೆ ಉಮ್ಮ ನಮ್ಮ ಆಫೀಸಿನಲ್ಲಿಯೇ ಕೂತಿದ್ದರು. ನನ್ನ ಮೇಜಿನ ಮೇಲಿಟ್ಟ ಟಿಕೆಟನ್ನು ಕ್ಯಾನ್ಸಲ್ ಮಾಡಲಾ ಬೇಡವಾ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಟಿವಿಯಲ್ಲಿ ಮತ್ತೆ ಸಮುದ್ರ, ಮತ್ತೆ ಒಂದು ವಿಮಾನ ಕಾಣೆ. ಟಪ್ಪನೆ ಶಬ್ದ ಹೋಯಿತು. ವಿಮಾನ ನಿಲ್ದಾಣದಲ್ಲಿ ಅಳುತ್ತಿದ್ದ ಹೆಂಗಸರ ಬಾಯಿ ಮಾತ್ರ ಅಲ್ಲಾಡುತ್ತಿತ್ತು.

"ಶಬ್ದ ತೆಗೆದರೆ ಬಿದ್ದದ್ದು ಬೀಳದೆ ಇರ್ತದಾ ಮುದಲಾಳಿ?" ಉಮ್ಮ ಮೆಲ್ಲನೆ ಕೇಳಿದರು. ಮೊದಲ ಸಲ ಮುದಲಾಳಿ ರಿಮೋಟ್ ಕೆಳಗಿಟ್ಟರು.

ಅಷ್ಟರಲ್ಲಿ ಉಮ್ಮನ ಫೋನು. ಆ ಕಡೆಯಿಂದ ಮಗಳ ಸ್ವರ ನನ್ನವರೆಗೂ ಕೇಳಿಸಿತು. "ಉಮ್ಮ, ಡಾಕ್ಟರು ಕಾಯುವುದು ಬೇಡ ಅಂದರು. ನಾಡಿದ್ದೇ ಆಪರೇಷನ್. ನನಗೆ ಹೆದರಿಕೆ ಆಗ್ತದೆ."

"ಎಂತದಕ್ಕೆ ಹೆದರುವುದು? ನಾಳೆ ನಾನು ಇದ್ದೇನಲ್ಲ" ಎಂದರು ಉಮ್ಮ. ಫೋನ್ ಇಟ್ಟು ನನ್ನತ್ತ ಕೈ ಚಾಚಿದರು. "ಟಿಕೆಟ್ ಕೊಡು." ಡ್ರೈವರ್ ಯಾರೆಂದು ಕೇಳಲಿಲ್ಲ.

ಮರುದಿನ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ವಿಮಾನ ಹೊರಡುವ ಹೊತ್ತಿಗೆ ಸರಿಯಾಗಿ ನನ್ನ ಫೋನು ಬಡಿದುಕೊಂಡಿತು. ಉಮ್ಮನದ್ದು, ವಿಮಾನದ ಒಳಗಿನಿಂದ. ಹಿಂದಿನಿಂದ ಯಾರೋ ಫೋನ್ ಆಫ್ ಮಾಡಿ ಎನ್ನುತ್ತಿದ್ದರು.

"ಮೋಳೇ, ಈಗ ಡ್ರೈವರ್ ಮೈಕಿನಲ್ಲಿ ಮಾತಾಡಿದ್ದು ಕೇಳಿಸಿತು. ಗಂಡಸಲ್ಲ, ಹುಡುಗಿ! ನಿನ್ನ ಹಾಗೆಯೇ ಸಣ್ಣ ಸ್ವರ, ನಿನ್ನ ಹಾಗೆಯೇ ಇಂಗ್ಲಿಷು. ಪಾಪ, ಅವಳಿಗೂ ಹೆದರಿಕೆ ಇರಬಹುದು. ಬಾಗಿಲು ಹಾಕಿ ಆಯಿತು, ಇನ್ನು ಇಳಿಯಲು ಬಿಡುವುದಿಲ್ಲವಂತೆ. ನಿನಗೆ ಇಂಗ್ಲಿಷ್ ಬರ್ತದಲ್ಲ, ಈಗಲೇ ಅವಳಿಗೊಂದು ಫೋನ್ ಮಾಡು. ಮನೆ ಎಲ್ಲಿ, ಉಮ್ಮ ಯಾರು ಅಂತ ಕೇಳಿ ಬೇಗ ನನಗೆ ಹೇಳು..."

ಫೋನ್ ಕಟ್ಟಾಯಿತು.