ಹ್ಯಾಂಡಲಿಗೊಂದು ಹೀಟರು

ವಯಸ್ಸಾಗುವುದು ಕೆಲವರಿಗೆ ಕೂದಲಿನಿಂದ ಶುರುವಾಗುತ್ತದೆ, ಕೆಲವರಿಗೆ ಮೊಣಕಾಲಿನಿಂದ. ನನಗೆ ಬೆರಳಿನಿಂದ ಶುರುವಾಯಿತು. ಇಪ್ಪತ್ತೆಂಟು ವರ್ಷ ಬ್ಯಾಂಕಿನ ಕಾಗದಗಳಿಗೆ ತಕರಾರಿಲ್ಲದೆ ಸಹಿ ಹಾಕಿದ ಬೆರಳುಗಳು, ಈಗ ಸ್ವಲ್ಪ ಚಳಿ ತಾಗಿದರೂ ಬೆಳ್ಳಗಾಗಿ, ತಮಗೂ ನನಗೂ ಪರಿಚಯವೇ ಇಲ್ಲವೆಂಬಂತೆ ಸುಮ್ಮನಾಗಿಬಿಡುತ್ತವೆ. ವಿಶಾಖಪಟ್ಟಣದಲ್ಲಿ ಚಳಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮ ಮನೆಯಿರುವ ಎಂವಿಪಿ ಕಾಲೋನಿಯಲ್ಲಿ ಜನವರಿಯಲ್ಲೂ ಫ್ಯಾನು ತಿರುಗುತ್ತದೆ, ನಿಜ. ಆದರೆ ನನ್ನ ಶಾಖೆ ಇರುವುದು ಬೆಟ್ಟದ ಮೇಲಿನ ಚಿಂತಪಲ್ಲಿಯಲ್ಲಿ, ವಾರವೆಲ್ಲ ಅಲ್ಲಿದ್ದು ಶನಿವಾರ ಮನೆಗೆ ಬರುತ್ತೇನೆ. ಸೋಮವಾರ ಬೆಳಗಿನ ಜಾವ ಬೈಕ್ ಹತ್ತಿದರೆ ಅನಕಾಪಲ್ಲಿಯಲ್ಲಿ ಬೆಲ್ಲದ ವಾಸನೆ, ನರ್ಸೀಪಟ್ಟಣದಲ್ಲಿ ಚಹಾ, ಆಮೇಲೆ ಲಂಬಸಿಂಗಿಯ ಘಾಟಿ. ಅಲ್ಲಿ ಡಿಸೆಂಬರಿನಲ್ಲಿ ಮಾತಾಡಿದರೆ ಮಾತಿನ ಜೊತೆ ಹೊಗೆಯೂ ಬರುತ್ತದೆ.

ಹೋದ ವರ್ಷ ಆ ರಸ್ತೆಯ ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯಿರಿ ಎಂದು ನಾನು ಹೇಳಿದೆ, ಬೆರಳುಗಳು ಕೇಳಲಿಲ್ಲ. ಬೈಕೂ ನಾನೂ ರಸ್ತೆ ಪಕ್ಕದ ಹುಲ್ಲಿನ ಬಣವೆಯೊಳಗೆ ಹೋಗಿ ನಿಂತೆವು. ಪೆಟ್ಟಾಗಲಿಲ್ಲ. ಯಾರಿಗೂ ಹೇಳುವುದು ಬೇಡವೆಂದು ನಾನೂ ಬೈಕೂ ತೀರ್ಮಾನಿಸಿದ್ದೆವು. ಆದರೆ ಶನಿವಾರ ಮನೆಯಲ್ಲಿ ಸ್ವೆಟರ್ ಬಿಚ್ಚಿದಾಗ ಒಳಗಿನಿಂದ ಹುಲ್ಲುಕಡ್ಡಿಗಳು ಉದುರಿದವು. ನನ್ನ ಹೆಂಡತಿ ಗಿರಿಜೆ ಕೂಗಾಡುವವಳಲ್ಲ. ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಮೇಜಿನ ಮೇಲಿಟ್ಟು, ವಿಷಯವನ್ನೆಲ್ಲ ಬಿಡಿಸಿ ಕೇಳಿ, ‘ಇನ್ನೊಂದು ಚಳಿಗಾಲ ನೋಡ್ತೀನ್ರೀ. ಬೆರಳು ಹಿಂಗೇ ಇದ್ರೆ ಬೈಕ್ ಮಾರೋದು, ನೀವು ಬಸ್ಸಲ್ಲಿ ಹೋಗೋದು’ ಎಂದಳು. ನಾನು ಚಿತ್ರದುರ್ಗದಲ್ಲಿ ಕೆಲಸಕ್ಕೆ ಸೇರಿದಾಗ ಕೊಂಡ ಬೈಕ್ ಅದು. ಎಂಟು ವರ್ಗಾವಣೆಗಳಲ್ಲಿ ಮನೆ ಸಾಮಾನಿನ ಲಾರಿಗಿಂತ ಮುಂಚೆ ಹೊಸ ಊರು ಸೇರಿದೆ. ಅದನ್ನು ಮಾರುವ ಮಾತು ಕೇಳಿ ನನಗೆ ಊಟ ಸೇರಲಿಲ್ಲ.

ಕೈಗವಸು ಹಾಕಿ ನೋಡಿದೆ. ತೆಳ್ಳಗಿನದು ಚಳಿ ತಡೆಯಲಿಲ್ಲ, ದಪ್ಪದ್ದು ಹಾಕಿದರೆ ಕ್ಲಚ್ಚನ್ನು ಕಂಬಳಿಯೊಳಗಿಂದ ಹುಡುಕಿದ ಹಾಗಾಯಿತು. ಕೊನೆಗೆ ಬೈಕಿನ ಹಿಡಿಯೇ ಬಿಸಿಯಾಗುವ ಸಾಮಾನು ಸಿಗುತ್ತದೆಂದು ಫೋನಿನಲ್ಲಿ ನೋಡಿ ತರಿಸಿದೆ. ಒಳಗೆ ತಂತಿ ಇರುವ ಎರಡು ರಬ್ಬರ್ ಹಿಡಿಗಳು, ಒಂದರಿಂದ ಮೂರರವರೆಗೆ ಬಿಸಿ ಏರಿಸುವ ಒಂದು ಸ್ವಿಚ್ಚು, ಅಷ್ಟೆ. ಡಬ್ಬ ನೋಡಿದ್ದೇ ಗಿರಿಜೆಗೆ ನಗು ತಡೆಯಲಾಗಲಿಲ್ಲ. ಹಿಂದೆ ವಿಜಯವಾಡದಲ್ಲಿದ್ದಾಗ ಮೇ ತಿಂಗಳಲ್ಲಿ ಹ್ಯಾಂಡಲ್ ಮುಟ್ಟಲಾಗದೆ ಒದ್ದೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದವನು ನಾನೇ. ಅವಳು ಅಲ್ಲಿನ ಹಳೆಯ ನೆರೆಮನೆಯಾಕೆಗೆ ಫೋನ್ ಮಾಡಿ ಹೇಳಿದಳು. ಆಕೆ ಎರಡೆರಡು ಸಲ ಹೇಳಿಸಿಕೊಂಡು, ಆಮೇಲೆ ತಗ್ಗಿದ ದನಿಯಲ್ಲಿ ನನ್ನ ಆರೋಗ್ಯ ವಿಚಾರಿಸಿದಳಂತೆ. ನಮ್ಮ ಮೆಕ್ಯಾನಿಕ್ ಅಪ್ಪಲರಾಜು ಬಹಳ ಮರ್ಯಾದಸ್ಥ. ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿ, ಫ್ಯಾನು ಬೇಕಾದರೆ ಕೂರಿಸಿಕೊಡುತ್ತೇನೆ, ಹೀಟರು ಕೂರಿಸಿದೆನೆಂದು ತಿಳಿದರೆ ನಾಳೆಯಿಂದ ಗಿರಾಕಿಗಳು ಬರುವುದಿಲ್ಲ ಎಂದು ತೆಲುಗಿನಲ್ಲಿ ವಿನಯವಾಗಿ ಹೇಳಿ ಕೈಮುಗಿದ.

ಹಾಗಾಗಿ ಎರಡನೇ ಶನಿವಾರದ ರಜೆಯಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಚಾಪೆ ಹಾಸಿಕೊಂಡು ನಾನೇ ಕುಳಿತೆ. ಹಳೆಯ ಹಿಡಿಗಳನ್ನು ಬ್ಲೇಡಿನಿಂದ ಸೀಳಿ ತೆಗೆದೆ. ಹೊಸ ಎಡಗಡೆಯ ಹಿಡಿಯನ್ನು ಬಲಗಡೆಗೆ ತುರುಕಲು ಮುಕ್ಕಾಲು ಗಂಟೆ ಒದ್ದಾಡಿ, ಬಲಗಡೆಯದರ ತೂತು ಬೇರೆ ಅಳತೆ ಎಂದು ಕಂಡುಕೊಂಡೆ. ಅದು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲೇ ಇತ್ತು. ಅಂಟು ಹಚ್ಚಿ, ಬೈಕ್ ಆಫ್ ಮಾಡಿದರೆ ಹೀಟರೂ ಆಫ್ ಆಗುವಂತೆ ತಂತಿಗಳನ್ನು ಕೀಲಿಯ ಸ್ವಿಚ್ಚಿನಿಂದ ಬರುವ ತಂತಿಗೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಗಳಿಂದ ಅಚ್ಚುಕಟ್ಟಾಗಿ ಬಿಗಿದೆ. ಅಚ್ಚುಕಟ್ಟು ನನ್ನ ದೌರ್ಬಲ್ಯ.

ಬ್ಯಾಂಕಿನವರಿಗೆ ಒಂದು ಅಭ್ಯಾಸವಿದೆ. ಯಾವ ಕೆಲಸವೂ ಒಂದೇ ಕೈಯಲ್ಲಿ ಮುಗಿಯಬಾರದು, ಒಬ್ಬರು ಮಾಡಬೇಕು, ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ನಾನು ಇದನ್ನು ಮನೆಗೂ ತಂದು ಬಹಳ ಕಾಲವಾಯಿತು. ಗಿರಿಜೆ ಬೀಗ ಹಾಕಿದರೆ ನಾನು ಜಗ್ಗಿ ನೋಡುತ್ತೇನೆ, ನಾನು ಗ್ಯಾಸ್ ಸಿಲಿಂಡರ್ ಬದಲಿಸಿದರೆ ಅವಳು ಮೂಸಿ ನೋಡುತ್ತಾಳೆ. ಆದ್ದರಿಂದ ಅವಳನ್ನು ಕೆಳಗೆ ಕರೆದೆ. ಎಂಜಿನ್ ಶುರುಮಾಡಿಸಿ, ಹಿಡಿಗಳನ್ನು ಹಿಂಡಿ ನೋಡಿ, ಹ್ಯಾಂಡಲನ್ನು ಪೂರಾ ಎಡಕ್ಕೆ ತಿರುಗಿಸಿದಳು. ಆಕ್ಸಿಲರೇಟರನ್ನು ಯಾರೂ ತಿರುವದಿದ್ದರೂ ಎಂಜಿನ್ ಗರ್ ಎಂದು ಗರ್ಜಿಸಿತು. ನನ್ನ ಅಚ್ಚುಕಟ್ಟಿನ ಪಟ್ಟಿ ತಂತಿಯನ್ನು ಬಿಗಿಹಿಡಿದು, ತಂತಿ ಆಕ್ಸಿಲರೇಟರನ್ನು ಎಳೆಯುತ್ತಿತ್ತು. ಘಾಟಿಯ ಎಡ ತಿರುವಿನಲ್ಲಿ ಹೀಗಾಗಿದ್ದರೆ ಎಂದು ನೆನೆದು ನನಗೆ ಬೆವರು ಬಂತು.

‘ಪಾಸ್ ಇಲ್ಲ. ತಂತಿ ಸ್ವಲ್ಪ ಸಡಿಲ ಬಿಡ್ರೀ, ಅದೂ ಉಸಿರಾಡ್ಲಿ’ ಎಂದಳು. ಪಟ್ಟಿಯನ್ನು ಕತ್ತರಿಸಿ, ತಂತಿಗೊಂದು ಸಡಿಲ ಸುತ್ತು ಬಿಟ್ಟು ಮತ್ತೆ ಕಟ್ಟಿದೆ. ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ ತಿರುಗಿಸಿ ನೋಡಿದಳು. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಲೇ ಇತ್ತು. ಆದರೂ ಪೂರ್ತಿ ಪಾಸ್ ಮಾಡಲಿಲ್ಲ. ಉಳಿದದ್ದನ್ನು ಬೆಟ್ಟದ ಮೇಲೆ ನೋಡಬೇಕಂತೆ.

ಭಾನುವಾರ ನಸುಕಿನಲ್ಲಿ ಇಬ್ಬರೂ ಹೊರಟೆವು. ಘಾಟಿ ಹತ್ತುವಾಗ ಸ್ವಿಚ್ಚನ್ನು ಮೂರಕ್ಕೆ ಏರಿಸಿದೆ. ಮಂಜು ಮುಖಕ್ಕೆ ಹೊಡೆಯುತ್ತಿತ್ತು, ಮೂಗು ಇದೆಯೋ ಇಲ್ಲವೋ ತಿಳಿಯದು, ಅಂಗೈಯಲ್ಲಿ ಮಾತ್ರ ಆಗತಾನೆ ಒಲೆಯಿಂದಿಳಿದ ರೊಟ್ಟಿ ಹಿಡಿದಷ್ಟು ಸುಖ. ಆ ಬಣವೆಯ ತಿರುವು ಬಂತು. ಬ್ರೇಕ್ ಎಂದೆ, ಹತ್ತೂ ಬೆರಳು ಹಾಜರು. ಲಂಬಸಿಂಗಿಯ ಚಹಾದಂಗಡಿ ಮುಂದೆ ಇಳಿದಾಗ ಗಿರಿಜೆ ನನ್ನ ಕೈಗಳನ್ನು ಜ್ವರ ನೋಡುವವಳಂತೆ ಹಿಡಿದು, ಬೆರಳು ಬೆರಳನ್ನೂ ಒತ್ತಿ ನೋಡಿದಳು.

‘ಪಾಸ್’ ಎಂದಳು. ‘ಬೈಕ್ ಇರ್ಲಿ.’

ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಯಾವ ಬಡ್ತಿಯೂ ಇಷ್ಟು ಖುಷಿ ಕೊಟ್ಟಿರಲಿಲ್ಲ. ಚಹಾದಂಗಡಿಯವನಿಗೆ ಸ್ವಿಚ್ಚಿನ ಮೂರು ಹಂತಗಳನ್ನು ವಿವರಿಸಿದೆ. ಮಂಜು ನೋಡಲು ಬಂದಿದ್ದವರು ಸಾಲಾಗಿ ಬಂದು ಹಿಡಿ ಮುಟ್ಟಿ, ಬಾಗುಂದಂಡಿ, ಚೆನ್ನಾಗಿದೆ ಎಂದು ತಲೆದೂಗಿದರು. ಒಬ್ಬರು ನನ್ನ ಜೊತೆ ಫೋಟೋ ಕೂಡ ತೆಗೆಸಿಕೊಂಡರು. ಈ ಸಂಭ್ರಮವೆಲ್ಲ ಮುಗಿಸಿ ತಿರುಗಿದರೆ ಗಿರಿಜೆ ಹೆಲ್ಮೆಟ್ ಹಾಕಿ ಬೈಕಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ವಿಜಯವಾಡದ ಕಾಲುವೆ ರಸ್ತೆಯಲ್ಲಿ ಅವಳಿಗೆ ಇದೇ ಬೈಕ್ ಕಲಿಸಿದವನೂ ನಾನೇ. ಹೀಟರು ಇಳಿಜಾರಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಪರೀಕ್ಷಿಸುವುದು ಬಾಕಿ ಇದೆಯಂತೆ.

ಹಿಂದಿನ ಸೀಟಿಗೆ ಯಾರೂ ಹೀಟರ್ ತಯಾರಿಸಿಲ್ಲ ಎಂಬುದು ಮೊದಲ ತಿರುವಿನಲ್ಲೇ ನನಗೆ ಗೊತ್ತಾಯಿತು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ನನ್ನ ಹತ್ತೂ ಬೆರಳುಗಳು ಬಿಳಿಚಿಕೊಂಡಿದ್ದವು.

‘ರೀ, ಮೂರಕ್ಕೆ ಇಟ್ರೆ ಸ್ವಲ್ಪ ಶೆಕೆನೇ ಆಗುತ್ತೆ. ಎರಡಕ್ಕೆ ಇಳಿಸ್ಲಾ?’ ಎಂದು ಅವಳು ಮುಂದಿನಿಂದ ಕೇಳಿದಳು.

ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಕುಳಿತಿದ್ದ ನಾನು, ನಿನ್ನಿಷ್ಟ ಎಂದೆ.