ಗೋಡೆಯ ಮೇಲೆ ಎಂಟು, ಊರಾಗ ಏಳು

ಬೇವು ಹೂಬಿಟ್ಟು, ಬದುವಿನ ಮುತ್ತುಗ ಕೆಂಪಾಯಿತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ಆಗಲೇಬೇಕು. ಬಿಸಿಲಿಗೆ ಅಂಜಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೇಸಿಗೆ ಮುಗಿಯುವತನಕ ಮುಂಜಾನೆ ಎಂಟಕ್ಕೇ ಬಾಗಿಲು ತೆರೆಯುತ್ತವೆ. ನಮ್ಮ ಸೊಸೆಗೆ ಹುಮನಾಬಾದಿನಲ್ಲಿ ಅಂಥದೊಂದು ಕಚೇರಿಯಲ್ಲಿ ಕೆಲಸ. ಹೀಗಾಗಿ ಅವಳ ಬಸ್ಸು, ನಮ್ಮ ಎಮ್ಮೆ, ನನ್ನ ಲಿಂಗಪೂಜೆ ಮೂರೂ ಒಂದರ ಮೇಲೊಂದು ಬೀಳುತ್ತವೆ.

ಎಮ್ಮೆಯ ಹಟ

ಈ ಸಲ ಯುಗಾದಿ ಮುಗಿದ ಮೇಲೆ ಹೆಂಡತಿ ಕುರ್ಚಿ ತಂದು ಗೋಡೆಗೆ ಒತ್ತಿಟ್ಟಳು.

"ಏರ್ರಿ ಮ್ಯಾಲ. ಗಡಿಯಾರ ಒಂದ್ ತಾಸ ಮುಂದ ಇಡ್ರಿ."

"ಇಟ್ರ ಏನಾಗ್ತದ?"

"ಮನಿ ಮಂದಿ ಜಲ್ದಿ ಏಳ್ತಾರ."

ಮಂದಿ ಎದ್ದರು, ಖರೆ. ಎಮ್ಮೆ ಏಳಲಿಲ್ಲ. ಬಡಿದೆಬ್ಬಿಸಿದರೆ ಹಾಲು ಇಳಿಸಲಿಲ್ಲ. ಕರು ಬಿಟ್ಟೆವು, ಹಿಂಡಿ ಇಟ್ಟೆವು, ಕೈಮುಗಿದೆವು. ಸೊಸೆ ಕರಿ ಚಹಾ ಕುಡಿದು ಬಸ್ಸಿಗೆ ಓಡಿದಳು. ಬಸ್ಸು ಊರು ದಾಟಿದ ಮೇಲೆ ಎಮ್ಮೆ ಮೈ ಝಾಡಿಸಿ ಚರಿಗೆ ತುಂಬ ಹಾಲು ಕೊಟ್ಟಿತು.

ಹೆಂಡತಿ ನನ್ನನ್ನೇ ಗದರಿಸಿದಳು: "ಗಡಿಯಾರ ಕೊಟ್ಟಿಗ್ಯಾಗ ಹಾಕಬೇಕಾಗಿತ್ತು ನೋಡ್ರಿ!"

ನೆರೆಮನೆಯ ಕಾಕಾ

ನೆರೆಮನೆಯ ಕಾಕಾ ಗಡಿಯಾರ ಕೊಂಡವರಲ್ಲ. ನಮ್ಮ ಬಾಗಿಲಲ್ಲಿ ಇಣುಕಿ ವೇಳೆ ನೋಡಿಕೊಂಡು ಹೋಗುವುದು ಅವರ ರೂಢಿ. ಒಂದು ದಿನ ಬಸವಕಲ್ಯಾಣಕ್ಕೆ ಹೊರಟವರು ಹಾಗೇ ಇಣುಕಿದರು. ಬಸ್ಸು ಹೋಗಿಯೇ ಬಿಟ್ಟಿತೆಂದು ಹಣೆ ಬಡಿದುಕೊಂಡು, ಮನೆಗೆ ಹೋಗಿ ಮಲಗಿದರು. ಅವರ ಗೊರಕೆ ಶುರುವಾದ ಮೇಲೆ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು.

ಅಂದಿನಿಂದ ಕಾಕಾ ಕೇಳುವ ರೀತಿಯೇ ಬೇರೆ: "ತಮ್ಮಾ, ಟೈಮ್ ಎಷ್ಟಾತೋ? ನಿಮ್ಮ ಮನೀದು ಬ್ಯಾಡ, ಸೂರ್ಯಂದು ಹೇಳು."

ಕನ್ಯೆ ನೋಡಲು ಬಂದ ಮುಂಜಾನೆ

ಇಷ್ಟಾದರೂ ಗಡಿಯಾರ ಹಿಂದಿಡಲು ನನಗೆ ಧೈರ್ಯ ಬರಲಿಲ್ಲ. ಮಗಳಿಗೆ ಹಳ್ಳಿಖೇಡದ ಸಂಬಂಧ ಬಂದಿತ್ತು. ಹುಡುಗ ಅವಳ ಮನಸ್ಸಿಗೂ ಬಂದಿದ್ದ. ಹಿಂದಿನ ಸಂಬಂಧ ವೇಳೆಯಿಂದಲೇ ಮುರಿದಿತ್ತು: ಅವರು ಅಂಗಳಕ್ಕೆ ಬಂದಾಗ ನಾನು ಪೂಜೆಗೆ ಕೂತಿದ್ದೆ. ಅಂಗೈಯಲ್ಲಿ ಲಿಂಗವಿದ್ದಾಗ ನಾನು ಮಾತಾಡುವುದಿಲ್ಲ. ಬರಮಾಡಿಕೊಳ್ಳಲಿಲ್ಲವೆಂದು ಸಿಟ್ಟಾಗಿ ಎದ್ದು ಹೋದರು. ಈ ಹುಡುಗನ ತಾಯಿಯಂತೂ ವೇಳೆಗೆ ಬಲು ಬಿಗಿಯಂತೆ. "ಎಂಟಕ್ಕ ಅಂದ್ರ ಎಂಟಕ್ಕ ಬರ್ತೀವ್ರಿ" ಎಂದು ಫೋನಿನಲ್ಲಿ ಹೇಳಿದ್ದರು. ಮಾತುಕತೆಗೆ ಕೂಡಲು ನಮ್ಮ ಮಠದ ಅಯ್ಯನವರಿಗೂ ಎಂಟಕ್ಕೇ ಹೇಳಿದ್ದೆ.

ಗೋಡೆಯ ಗಡಿಯಾರದ ಎಂಟಕ್ಕೇ ತಯಾರಾದರೆ ಒಂದು ತಾಸು ಕೈಯಲ್ಲಿರುತ್ತದೆಂದು ಪೂಜೆ ಮುಗಿಸಿ, ರುಮಾಲು ಸುತ್ತಿ ನಿಂತೆ. ಅಷ್ಟರಲ್ಲಿ ಜೀಪು ಬಂದೇ ಬಂತು! ಊರಿಗೆಲ್ಲ ಇನ್ನೂ ಏಳು. ಹುಡುಗನ ತಾಯಿ ಒಳಗೆ ಬಂದವರೇ ಗೋಡೆ ನೋಡಿದರು. ಸರಿಯಾಗಿ ಎಂಟು. ಮುಖ ಅರಳಿತು.

"ಬೀಗರ ಮನಿ ಅಂದ್ರ ಹಿಂಗಿರಬೇಕು. ಹೇಳಿದ ಟೈಮಿಗಿ ಎಲ್ಲಾ ತಯಾರ!"

ಇವರು ಒಂದು ತಾಸು ಮೊದಲೇ ಹ್ಯಾಂಗ ಬಂದರು? ಹುಡುಗನ ತಂದೆ ಕೈಕಾಲು ತೊಳೆಯುವ ನೆಪದಲ್ಲಿ ನನ್ನನ್ನು ಬಚ್ಚಲಿಗೆ ಎಳೆದೊಯ್ದರು.

"ನಿಮ್ಮ ಗಡಿಯಾರ ಮುಂದ ಅದ ಹೌದಲ್ರಿ?"

ನಾನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ. "ಹೌದ್ರಿ..."

"ನಮ್ಮದೂ ಒಂದ್ ತಾಸ ಮುಂದ ಅದರಿ. ಆಕೀದು ಸೀರಿ ಉಡೋದು ಮುಗಿಯಂಗಿಲ್ಲ, ಅದಕ್ಕ ನಾನೇ ಇಟ್ಟೀನಿ. ಫೋನ್ ಆಕಿ ಬರೀ ಮಾತಾಡ್ಲಾಕ ಹಿಡೀತಾಳ, ಅದರಾಗ ಟೈಮ್ ನೋಡಂಗಿಲ್ಲ. ಶಿವನಾಣಿ, ಬಾಯಿ ಬಿಡಬ್ಯಾಡ್ರಿ!"

ಚಹಾ ಆಯಿತು, ಉಪ್ಪಿಟ್ಟಾಯಿತು, ಹುಡುಗ ಹುಡುಗಿ ಮಾತಾಡಿದ್ದೂ ಆಯಿತು. ಎರಡೂ ಕಡೆ ಒಪ್ಪಿಗೆ. ಆಗ ಅಯ್ಯನವರು ಬಂದರು. ಊರಿನ ಎಂಟಕ್ಕೆ ಸರಿಯಾಗಿ. ಗೋಡೆಯ ಮೇಲೆ ಒಂಬತ್ತು.

"ಏನ್ರಿ ಅಯ್ನೋರ," ಎಂದರು ಹುಡುಗನ ತಾಯಿ, "ದೊಡ್ಡವರಾಗಿ ಒಂದ್ ತಾಸ ತಡಾ ಮಾಡೀರಲ್ಲ?"

ಅಯ್ಯನವರು ಕೈಗಡಿಯಾರ ನೋಡಿದರು, ಅಲ್ಲಾಡಿಸಿದರು, ಕಿವಿಗೆ ಹಿಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆಯೆತ್ತಿ ಮಾಳಿಗೆಯ ಜಂತಿ ನೋಡಿದೆ. ಬೀಗರನ್ನು ನೋಡಿದರು. ಅವರೂ ಜಂತಿ ನೋಡುತ್ತಿದ್ದರು. ಬಾಗಿಲ ಹಿಂದೆ ಮಗಳು ಎರಡೂ ಕೈ ಮುಗಿದು ನಿಂತಿದ್ದಳು. ಅಯ್ಯನವರು ಅವಳನ್ನೂ ನೋಡಿ, ಸಾವಕಾಶ ಕೀಲಿ ತಿರುವಿ ತಮ್ಮ ಮುಳ್ಳನ್ನು ಒಂದು ತಾಸು ಮುಂದಿಟ್ಟರು.

"ತಪ್ಪಾತು ಯವ್ವಾ. ನನ್ನದೇ ಹಿಂದ ಬಿದ್ದಿತ್ತು."

ಸಕ್ಕರೆ ಹಂಚಿದೆವು. ಜೀಪು ಹತ್ತುವಾಗ ಆಕೆ ಅಯ್ಯನವರ ಪಾದ ಮುಟ್ಟಿ ನಮಸ್ಕರಿಸಿ, ಮೆಲ್ಲಗೆ ಹೇಳಿದರು:

"ಮದಿವಿ ದಿನ ಆದ್ರೂ ಟೈಮಿಗಿ ಬರ್ರಿ."